ನೂರಕ್ಕೆ ಇನ್ನೂರ ನಾಲ್ಕು

ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ನೂರು ರೂಪಾಯಿಗೆ ವರ್ಷಕ್ಕೆ ಏಳು ರೂಪಾಯಿ ಬಂದರೆ ಅದೇ ದೊಡ್ಡದು. ಊರ ಕೈಸಾಲದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ನಡೆಯುತ್ತದೆ, ಮೂರಾದರೆ ಗೊಣಗಾಟ, ಐದಾದರೆ ಬಡ್ಡಿ ಕೊಡುವವನ ಮನೆ ಹಾಳು. ಹೀಗಿರುವಾಗ ಯಾರೋ ಬಂದು, ನೂರಕ್ಕೆ ತಿಂಗಳಿಗೆ 17 ರೂಪಾಯಿಯಂತೆ ವರ್ಷಕ್ಕೆ 204 ರೂಪಾಯಿ ಕೊಡುವ ಹೂಡಿಕೆ ಇದೆ ಎಂದರೆ ನಾವು ಪರ್ಸನ್ನು ಭದ್ರ ಮಾಡಿಕೊಂಡು ಅಲ್ಲಿಂದ ಎದ್ದುಬಿಡುತ್ತೇವೆ. ಇಂಥ ಮಾತು ಕೊಟ್ಟವರು ಕರ್ನಾಟಕದಲ್ಲಿ ಊರೂರಿಗೆ ಟೋಪಿ ಹಾಕಿ ಹೋಗಿದ್ದಾರೆ.

ಆದರೆ 204 ಎಂಬ ಈ ಅಂಕಿ ಚೀಟಿ ಕಂಪನಿಯದಲ್ಲ. ಲೆಕ್ಕಪರಿಶೋಧನೆಗೆ ಒಡ್ಡಿ, ಖಾತ್ರಿ ಮಾಡಿಕೊಂಡು ಬರೆದಿಟ್ಟದ್ದು. ಜಾಗ ಅಮೆರಿಕದ ಲೂಯಿಸಿಯಾನಾ ರಾಜ್ಯ, ಮಿಸಿಸಿಪ್ಪಿ ನದಿಯ ದಂಡೆಯ ಪ್ಲಾಕಮಿನ್. ಅಲ್ಲಿರುವ ಡೌ ಕೆಮಿಕಲ್ ಕಂಪನಿಯ ರಾಸಾಯನಿಕ ಸಂಕೀರ್ಣದಲ್ಲಿ ಎಂಬತ್ತರ ದಶಕದಲ್ಲಿ ಸುಮಾರು 2,400 ಜನ ಕೆಲಸಕ್ಕಿದ್ದರು. ಇಂಧನ ಉಳಿತಾಯದ ಹೊಣೆ ಹೊತ್ತಿದ್ದ ಕೆನ್ ನೆಲ್ಸನ್ ಎಂಬ ಎಂಜಿನಿಯರು ಕಾರ್ಖಾನೆಯ ಒಳಗೇ ಒಂದು ಸ್ಪರ್ಧೆ ಹೂಡಿದರು. ಇಂಧನ ಉಳಿಸುವ ಉಪಾಯ ತನ್ನಿ, ಎರಡು ಲಕ್ಷ ಡಾಲರ್ ಮೀರದ ಖರ್ಚಿನದಾಗಿರಲಿ, ಹಾಕಿದ ದುಡ್ಡು ಒಂದು ವರ್ಷದೊಳಗೆ ಹಿಂದಿರುಗಬೇಕು. ನಿಯಮ ಇಷ್ಟೇ. ಗೆದ್ದವರಿಗೆ ನಗದು ಇನಾಮೇನೂ ಇರಲಿಲ್ಲ, ಎಲ್ಲರೆದುರು ಮನ್ನಣೆ ಅಷ್ಟೆ.

1982ರ ಮೊದಲ ಸುತ್ತಿನಲ್ಲಿ 27 ಯೋಜನೆಗಳು ಆಯ್ಕೆಯಾದವು. ಒಟ್ಟು ಖರ್ಚು 17 ಲಕ್ಷ ಡಾಲರ್, ಸರಾಸರಿ ಪ್ರತಿಫಲ ವರ್ಷಕ್ಕೆ ನೂರಕ್ಕೆ 173. ಸುಲಭದ್ದೆಲ್ಲ ಸಿಕ್ಕಿಬಿಟ್ಟಿತು, ಇನ್ನೇನು ಉಳಿದಿರುತ್ತದೆ ಎಂದು ಹಲವರು ಅಂದುಕೊಂಡರು. ಅದು ಸಹಜವೇ. ಮಾರನೆಯ ವರ್ಷ 32 ಯೋಜನೆ ಬಂದವು, ಖರ್ಚು 22 ಲಕ್ಷ ಡಾಲರ್, ಪ್ರತಿಫಲ ನೂರಕ್ಕೆ 340! ಎಂಬತ್ತರ ದಶಕದ ನಡುವಿನಲ್ಲಿ ತೈಲದ ಬೆಲೆ ಮಕಾಡೆ ಬಿತ್ತು. ಇಂಧನ ಅಗ್ಗವಾದರೆ ಉಳಿತಾಯದ ಬೆಲೆಯೂ ಇಳಿಯಬೇಕಲ್ಲ? 1989ರಲ್ಲಿ 64 ಯೋಜನೆಗಳ ಸರಾಸರಿ ಪ್ರತಿಫಲ ನೂರಕ್ಕೆ 470. ಹನ್ನೆರಡನೆಯ ವರ್ಷವಾದ 1993ರಲ್ಲಿ, ಅಷ್ಟು ಹೊತ್ತಿಗೆ ಇಡೀ ಕಾರ್ಖಾನೆಯನ್ನು ಜರಡಿ ಹಿಡಿದಾಗಿತ್ತು ಎನ್ನುವಾಗ, 140 ಯೋಜನೆಗಳು ಬಂದವು. 91 ಲಕ್ಷ ಡಾಲರ್ ಹೂಡಿಕೆಗೆ ನೂರಕ್ಕೆ 298 ಪ್ರತಿಫಲ.

ಇಂಥ ಲೆಕ್ಕಗಳ ಮೇಲೆ ಅನುಮಾನ ಪಡುವುದು ಒಳ್ಳೆಯ ಅಭ್ಯಾಸ. ನೆಲ್ಸನ್‌ಗೂ ಆ ಅನುಮಾನ ಇದ್ದಿರಬೇಕು. ಕೆಲಸ ಮುಗಿದ 575 ಯೋಜನೆಗಳನ್ನು ತಾಳೆ ಹಾಕಿಸಿದರು. ಮಂಡಿಸಿದವರು ಮೊದಲು ಅಂದಾಜು ಮಾಡಿದ್ದು ಸರಾಸರಿ ನೂರಕ್ಕೆ 202, ನಿಜವಾಗಿ ಸಿಕ್ಕಿದ್ದು 204. ಯಾವ ಸೇತುವೆಯ, ಯಾವ ಮೆಟ್ರೊ ಮಾರ್ಗದ ಅಂದಾಜು ಪಟ್ಟಿ ಇಷ್ಟು ಹತ್ತಿರಕ್ಕೆ ಬಂದದ್ದನ್ನು ನಾವು ಕಂಡಿದ್ದೇವೆ?

ಇಂಧನ, ಕಚ್ಚಾ ಸಾಮಗ್ರಿ, ತ್ಯಾಜ್ಯ ಎಲ್ಲ ಸೇರಿ ಕೊನೆಗೆ ವರ್ಷಕ್ಕೆ 11 ಕೋಟಿ ಡಾಲರ್ ಉಳಿತಾಯ ಎಂದು ಲೆಕ್ಕ ಸಿಕ್ಕಿತು. ದಿನಕ್ಕೆ ಮೂರು ಲಕ್ಷ ಡಾಲರ್. 2,400 ಜನರಿಗೆ ಹಂಚಿ ನೋಡಿದರೆ ತಲೆಗೆ 45 ಸಾವಿರ ಡಾಲರಿಗೂ ಹೆಚ್ಚು. ಆ ಕಾಲಕ್ಕೆ ಅಮೆರಿಕದ ಮಧ್ಯಮ ಕುಟುಂಬವೊಂದರ ಇಡೀ ವರ್ಷದ ಆದಾಯವೇ 31 ಸಾವಿರ ಡಾಲರ್ ಇತ್ತು. ಒಬ್ಬೊಬ್ಬ ನೌಕರನ ತಲೆಗೆ ಒಂದೂವರೆ ಕುಟುಂಬದ ಗಳಿಕೆಯಷ್ಟು ದುಡ್ಡು ಅಲ್ಲಿ ಹಬೆಯಾಗಿ, ಬಿಸಿನೀರಾಗಿ ಹೋಗುತ್ತಿತ್ತು, ಅದನ್ನು ಹಿಡಿದರು ಎಂದಾಯಿತು. 1993ರಲ್ಲಿ ನೆಲ್ಸನ್ ನಿವೃತ್ತರಾದರು. ಕಂಪನಿಯ ಆಡಳಿತದಲ್ಲಿ ಹೊಸ ವ್ಯವಸ್ಥೆ ಬಂತು. ಸ್ಪರ್ಧೆ ನಿಂತುಹೋಯಿತು. ವರ್ಷಕ್ಕೆ ನೂರಕ್ಕೆ 298 ತರುತ್ತಿದ್ದ ಕೆಲಸ ನಿಂತದ್ದು ನಷ್ಟವಾಗಿ ಅಲ್ಲ, ನಡೆಸುವವರಿಲ್ಲದೆ. ಈ ಕಥೆಯಲ್ಲಿ ನನ್ನನ್ನು ಬೆಚ್ಚಿಬೀಳಿಸುವ ಭಾಗ ಇದೇ.

ಇಷ್ಟು ದುಡ್ಡು ಕಾರ್ಖಾನೆಯಲ್ಲಿ ಎಲ್ಲಿ ಅಡಗಿರುತ್ತದೆ? ಕಣ್ಣಿಗೆ ಕಾಣದ ಕಡೆ ಎಂಬುದೇ ಮೊದಲ ಉತ್ತರ. ಗಾಳಿಯನ್ನು ಒತ್ತಿ ಕೊಳವೆಯಲ್ಲಿ ಹರಿಸುವ ಕಂಪ್ರೆಸರನ್ನೇ ನೋಡಿ. ಪೀಣ್ಯದ ಯಾವ ವರ್ಕ್‌ಶಾಪಿಗೆ ಹೋದರೂ ಅದರ ಸದ್ದು ಇರುತ್ತದೆ. ಏಳು ಬಾರ್ ಒತ್ತಡದ ಗಾಳಿಯ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇದ್ದರೆ ಆ ತೂತಿನಿಂದ ಸೋರುವ ಗಾಳಿಯನ್ನು ತುಂಬಿಸುತ್ತಿರಲು ಸುಮಾರು 3 ಕಿಲೋವ್ಯಾಟ್ ಬೇಕು. ವರ್ಷವಿಡೀ ಸೋರಿದರೆ 26 ಸಾವಿರ ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಎಂದಿಟ್ಟುಕೊಳ್ಳೋಣ, ಎರಡು ಲಕ್ಷ ರೂಪಾಯಿ ದಾಟುತ್ತದೆ. ಅಕ್ಕಿಕಾಳಿನ ದಪ್ಪದ ಒಂದು ತೂತು, ಎರಡು ಲಕ್ಷ! ಅದನ್ನು ಮುಚ್ಚುವ ವಾಷರಿನ ಬೆಲೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಒತ್ತಿದ ಗಾಳಿಯ ಐದನೆಯ ಒಂದು ಪಾಲು, ಕೆಲವು ಕಡೆ ಅದಕ್ಕೂ ಹೆಚ್ಚು, ಹೀಗೇ ಸೋರಿಹೋಗುತ್ತದೆ. ಸೋರಿದ ನೀರು ನೆಲವನ್ನಾದರೂ ಒದ್ದೆ ಮಾಡುತ್ತದೆ, ಗಾಳಿಗೆ ಆ ಸೌಜನ್ಯವೂ ಇಲ್ಲ. ಯಂತ್ರಗಳು ಓಡುತ್ತಿರುವಾಗ ಅದರ ಶಬ್ದವೂ ಕೇಳುವುದಿಲ್ಲ. ಭಾನುವಾರ ರಜೆಯ ದಿನ ಶೆಡ್ಡಿನೊಳಗೆ ಸುಮ್ಮನೆ ನಿಂತರೆ ಬುಸ್ ಎನ್ನುವುದು ಕಿವಿಗೆ ಬೀಳುತ್ತದೆ.

ಇನ್ನೊಂದು ಕಡೆ ಫ್ಯಾನು. ಮನೆಯ ಫ್ಯಾನಲ್ಲ, ಬಾಯ್ಲರಿಗೆ ಗಾಳಿ ಊದುವ, ಧೂಳು ಹೊರಹಾಕುವ ದೊಡ್ಡ ಬ್ಲೋವರುಗಳು. ಬೇಕಾದ್ದಕ್ಕಿಂತ ದೊಡ್ಡದನ್ನೇ ಹಾಕಿರುತ್ತಾರೆ. ಹೆಚ್ಚಾದ ಗಾಳಿಯನ್ನು ತಡೆಯಲು ದಾರಿಯಲ್ಲಿ ಒಂದು ತಗಡಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಮೋಟರು ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಆ ಬಾಗಿಲನ್ನು ತೆಗೆದು, ಮೋಟರಿನ ವೇಗವನ್ನೇ ಕಡಿಮೆ ಮಾಡುವ ಡ್ರೈವ್ ಹಾಕಿದರೆ ಏನಾಗುತ್ತದೆ? ಇಲ್ಲಿ ಪ್ರಕೃತಿಯ ಒಂದು ಉದಾರವಾದ ನಿಯಮ ಕೆಲಸಕ್ಕೆ ಬರುತ್ತದೆ. ಫ್ಯಾನು ತಿನ್ನುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಕರೆಂಟು ನೂರರಿಂದ 51ಕ್ಕೆ ಬೀಳುತ್ತದೆ. ಅರ್ಧ ವೇಗಕ್ಕೆ ಇಳಿಸಿದರೆ ಹನ್ನೆರಡೂವರೆಗೆ. ಗಾಳಿ ಐದನೆಯ ಒಂದು ಪಾಲು ಕಡಿಮೆಯಾದರೆ ಖರ್ಚು ಅರ್ಧವಾಗುವ ವ್ಯಾಪಾರ ಬೇರೆಲ್ಲಿ ಸಿಕ್ಕೀತು?

ಕೊಳವೆಗಳ ವಿಷಯ ಇದಕ್ಕಿಂತಲೂ ವಿಚಿತ್ರ. ಅಷ್ಟೇ ನೀರನ್ನು ಹರಿಸುವಾಗ ಕೊಳವೆಯ ಒಳಗಿನ ಘರ್ಷಣೆ ಅದರ ವ್ಯಾಸದ ಹೆಚ್ಚುಕಡಿಮೆ ಐದನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ನಾಲ್ಕು ಇಂಚಿನ ಪೈಪಿನ ಜಾಗದಲ್ಲಿ ಐದು ಇಂಚಿನದು ಹಾಕಿದರೆ ಘರ್ಷಣೆ ಮೂರನೆಯ ಒಂದಕ್ಕೆ, ಎಂಟು ಇಂಚಿನದು ಹಾಕಿದರೆ ಮೂವತ್ತೆರಡನೆಯ ಒಂದಕ್ಕೆ. 1997ರಲ್ಲಿ ಇಂಟರ್‌ಫೇಸ್ ಎಂಬ ಕಾರ್ಪೆಟ್ ಕಂಪನಿ ಶಾಂಘೈಯಲ್ಲಿ ಕಾರ್ಖಾನೆ ಕಟ್ಟುವಾಗ ಒಂದು ಪಂಪಿಂಗ್ ವ್ಯವಸ್ಥೆಗೆ ಒಟ್ಟು 95 ಎಚ್‌ಪಿ ಪಂಪುಗಳು ಬೇಕು ಎಂದು ನಕ್ಷೆ ತಯಾರಾಗಿತ್ತು. ಅದನ್ನು ತಯಾರಿಸಿದವರು ಆ ಕೆಲಸದಲ್ಲಿ ನುರಿತವರೇ. ಕಂಪನಿಯ ಎಂಜಿನಿಯರು ಯಾನ್ ಸ್ಕಿಲ್‌ಹಾಮ್ ಅದನ್ನು ಮತ್ತೆ ಬರೆದರು. ಎರಡೇ ಬದಲಾವಣೆ. ಸಣ್ಣ ಪೈಪು, ದೊಡ್ಡ ಪಂಪುಗಳ ಬದಲು ದೊಡ್ಡ ಪೈಪು, ಸಣ್ಣ ಪಂಪು. ಯಂತ್ರಗಳನ್ನು ಮೊದಲು ಕೂರಿಸಿ ಆಮೇಲೆ ಪೈಪನ್ನು ಅಂಕುಡೊಂಕಾಗಿ ಎಳೆಯುವ ಬದಲು ಪೈಪನ್ನು ನೆಟ್ಟಗೆ ಹಾಕಿ ಅದಕ್ಕೆ ತಕ್ಕಂತೆ ಯಂತ್ರ ಇಡುವುದು. 95 ಎಚ್‌ಪಿ ಹೋಗಿ 7 ಎಚ್‌ಪಿ ಸಾಕಾಯಿತು. ನೂರಕ್ಕೆ 92 ಪಾಲು ಉಳಿತಾಯ, ಅದೂ ಯಾವ ಹೊಸ ಯಂತ್ರವೂ ಇಲ್ಲದೆ. ದೊಡ್ಡ ಪೈಪಿನ ಹೆಚ್ಚುವರಿ ಬೆಲೆಯನ್ನು ಸಣ್ಣ ಪಂಪು, ಸಣ್ಣ ಮೋಟರು, ಸಣ್ಣ ವೈರಿಂಗು ತೀರಿಸಿಬಿಟ್ಟವು. ಕಟ್ಟುವ ಖರ್ಚೂ ಕಡಿಮೆಯೇ ಆಯಿತು.

ಕೊಳವೆಯ ತುದಿಯಲ್ಲಿ ಉಳಿಸಿದ್ದು ಹಿಂದೆ ಹಿಂದೆ ಹೋದಂತೆ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಭೌತವಿಜ್ಞಾನಿ ಏಮರಿ ಲವಿನ್ಸ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಕಲ್ಲಿದ್ದಲಿನ ನೂರು ಪಾಲು ಶಕ್ತಿಯಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ವಿದ್ಯುತ್ ಸ್ಥಾವರದಲ್ಲೇ ಬಿಸಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಸ್ವಲ್ಪ ತಂತಿಯಲ್ಲಿ, ಸ್ವಲ್ಪ ಮೋಟರಿನಲ್ಲಿ, ಸ್ವಲ್ಪ ಬೆಲ್ಟು ಗೇರುಗಳಲ್ಲಿ, ಪಂಪಿನಲ್ಲಿ, ಅರ್ಧ ಮುಚ್ಚಿದ ವಾಲ್ವಿನಲ್ಲಿ, ಪೈಪಿನಲ್ಲಿ. ಕೊನೆಗೆ ಹರಿಯುವ ನೀರಿಗೆ ಸಿಗುವುದು ಹತ್ತು ಪಾಲು. ಲೆಕ್ಕವನ್ನು ತಿರುಗಿಸಿ ಓದಿದರೆ, ಪೈಪಿನ ತುದಿಯಲ್ಲಿ ಒಂದು ಪಾಲು ಉಳಿಸಿದಾಗ ಗಣಿಯಲ್ಲಿ ಹತ್ತು ಪಾಲು ಕಲ್ಲಿದ್ದಲು ಉಳಿಯುತ್ತದೆ.

ಈಗ ಮೋಟರಿಗೆ ಬರೋಣ. ಜಗತ್ತು ಬಳಸುವ ಒಟ್ಟು ಕರೆಂಟಿನಲ್ಲಿ ನೂರಕ್ಕೆ ಸುಮಾರು 45 ಪಾಲು ಮೋಟರುಗಳಿಗೇ ಹೋಗುತ್ತದೆ. ಪಂಪು, ಫ್ಯಾನು, ಕಂಪ್ರೆಸರು, ಲಿಫ್ಟು, ಗಿರಣಿ, ಎಲ್ಲದರ ಹೊಟ್ಟೆಯೊಳಗೂ ಅದೇ. ಭಾರತ ವರ್ಷವಿಡೀ ಉತ್ಪಾದಿಸುವ ಕರೆಂಟಿನ ಆರು ಪಟ್ಟಿಗೂ ಹೆಚ್ಚು, ತಾಮ್ರದ ಸುರುಳಿಗಳನ್ನು ತಿರುಗಿಸಲು. ಇದರಲ್ಲಿ 20 ಎಚ್‌ಪಿಯ, ಎಂದರೆ 15 ಕಿಲೋವ್ಯಾಟಿನ ಒಂದೇ ಒಂದು ಮೋಟರನ್ನು ತೆಗೆದುಕೊಳ್ಳಿ. ಬೆಲೆ ಐವತ್ತೈದು ಸಾವಿರ ಎಂದಿಟ್ಟುಕೊಳ್ಳಿ, ಕ್ಷಮತೆ ಅಳೆಯುವ ಐಇ ಶ್ರೇಣಿಯಲ್ಲಿ ಹಳೆಯ ಐಇ1 ದರ್ಜೆಯದು, ಕ್ಷಮತೆ ನೂರಕ್ಕೆ 88.7. ಪೂರ್ತಿ ಭಾರ ಹೊತ್ತು ದಿನಕ್ಕೆ 20 ಗಂಟೆ ಓಡಿದರೆ, ಯೂನಿಟ್ಟಿಗೆ ಅದೇ ಎಂಟು ರೂಪಾಯಿಯಂತೆ, ಒಂದು ದಿನಕ್ಕೆ 2,700 ರೂಪಾಯಿಯ ಕರೆಂಟು ತಿನ್ನುತ್ತದೆ. ಮೂರು ವಾರದೊಳಗೆ ತನ್ನ ಬೆಲೆಯಷ್ಟನ್ನೂ ತಿಂದಿರುತ್ತದೆ! ವರ್ಷಕ್ಕೆ 300 ದಿನದ ಕೆಲಸಕ್ಕೆ ಎಂಟು ಲಕ್ಷ. ಹದಿನೈದು ವರ್ಷ ಬಾಳಿದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಈ ಇಡೀ ಮೊತ್ತದಲ್ಲಿ ಮೋಟರಿನ ಬೆಲೆ ನೂರಕ್ಕೆ ಐವತ್ತು ಪೈಸೆಯೂ ಇಲ್ಲ. ಆದರೆ ಕೊಳ್ಳುವ ದಿನ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಎರಡು ಸಾವಿರ ಕಡಿಮೆ ಮಾಡಿಸಿದವನಿಗೆ ಶಹಭಾಸ್‌ಗಿರಿ ಸಿಗುವುದು ಆ ಐವತ್ತು ಪೈಸೆಯ ಮೇಲೆ.

ಅದೇ ಅಳತೆಯ ಐಇ3 ದರ್ಜೆಯ ಮೋಟರಿನ ಕ್ಷಮತೆ 92.1, ಐಇ4ರದ್ದು 93.9. ಕೇಳಲು ಮೂರು, ಐದು ಅಂಕಗಳ ವ್ಯತ್ಯಾಸ, ಪರೀಕ್ಷೆಯಲ್ಲಿ ಮಕ್ಕಳು ಇಷ್ಟಕ್ಕೆ ಜಗಳವಾಡುವುದಿಲ್ಲ. ರೂಪಾಯಿಯಲ್ಲಿ ಐಇ3 ವರ್ಷಕ್ಕೆ ಮೂವತ್ತು ಸಾವಿರ ಉಳಿಸುತ್ತದೆ, ಐಇ4 ನಲವತ್ತೈದು ಸಾವಿರ. ಹದಿನೈದು ವರ್ಷಕ್ಕೆ ಆರೂವರೆ ಲಕ್ಷ ದಾಟುತ್ತದೆ.

ಹಾಗಾದರೆ ವ್ಯಾಪಾರಸ್ಥರಿಗೆ ಲೆಕ್ಕ ಬರುವುದಿಲ್ಲವೆ? ಮಾರ್ವಾಡಿ ಅಂಗಡಿಯಿಂದ ಹಿಡಿದು ಬಹುರಾಷ್ಟ್ರೀಯ ಕಂಪನಿಯವರೆಗೆ ಎಲ್ಲರಿಗೂ ಬರುತ್ತದೆ. ತೊಂದರೆ ಇರುವುದು ಒಂದೇ ಕಂಪನಿಯ ಎರಡು ಪುಸ್ತಕಗಳಲ್ಲಿ. ಮೋಟರು ಕೊಳ್ಳುವುದು ಖರೀದಿ ವಿಭಾಗ, ಅದು ಬಂಡವಾಳದ ಖಾತೆ. ಕರೆಂಟ್ ಬಿಲ್ ಕಟ್ಟುವುದು ಕಾರ್ಖಾನೆಯ ಆಡಳಿತ, ಅದು ದಿನವಹಿ ಖರ್ಚಿನ ಖಾತೆ. ಮೊದಲನೆಯವನು ಉಳಿಸಿದರೆ ಎರಡನೆಯವನಿಗೆ ಹೊರೆ, ಎರಡನೆಯವನಿಗೆ ಉಳಿಯಬೇಕಾದರೆ ಮೊದಲನೆಯವನು ಹೆಚ್ಚು ಖರ್ಚು ಮಾಡಿ ಮೇಲಿನವರಿಂದ ಬೈಸಿಕೊಳ್ಳಬೇಕು. ಬಿಲ್ ಬರುವುದೂ ಇಡೀ ಕಾರ್ಖಾನೆಗೆ ಒಂದೇ, ಯಾವ ಯಂತ್ರ ಎಷ್ಟು ತಿಂದಿತು ಎಂದು ಅದರಲ್ಲಿ ಬರೆದಿರುವುದಿಲ್ಲ. ಇನ್ನೊಂದು ತಮಾಷೆ ಇದೆ. ಹೊಸ ಘಟಕ ಕಟ್ಟುವಾಗ ವರ್ಷಕ್ಕೆ ನೂರಕ್ಕೆ 15 ಬಂದರೆ ಸಾಕು ಎಂದು ಒಪ್ಪುವ ಆಡಳಿತ ಮಂಡಳಿ, ಇಂಧನ ಉಳಿತಾಯದ ಯೋಜನೆ ಬಂದಾಗ ಎರಡು ವರ್ಷದಲ್ಲಿ ದುಡ್ಡು ವಾಪಸ್ ಬರಬೇಕು ಎನ್ನುತ್ತದೆ. ಅಂದರೆ ನೂರಕ್ಕೆ 50. ಅದೇ ತಿಜೋರಿಯ ದುಡ್ಡಿಗೆ ಎರಡು ತಕ್ಕಡಿ. ಬೆಳೆಯುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಟೇಪು ಕತ್ತರಿಸಲು ಮಂತ್ರಿಗಳು ಬರುತ್ತಾರೆ. ಉಳಿತಾಯದ ಉದ್ಘಾಟನೆಗೆ ಯಾರನ್ನು ಕರೆಯುವುದು?

ಬಾಡಿಗೆಯ ಶೆಡ್ಡಾದರೆ ಗಂಟು ಇನ್ನೂ ಬಿಗಿ. ಕಟ್ಟಡದ ಮೇಲೆ ಖರ್ಚು ಮಾಡಬೇಕಾದವನು ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ. ಒಬ್ಬನ ದುಡ್ಡು, ಇನ್ನೊಬ್ಬನ ಲಾಭ.

ಇಂಥ ಗಂಟಿದ್ದರೂ ಜಗತ್ತಿನ ಅತಿ ಪ್ರಸಿದ್ಧ ಬಾಡಿಗೆ ಕಟ್ಟಡವೊಂದು ಉಳಿತಾಯಕ್ಕೆ ಇಳಿದ ಬಗೆ ಕುತೂಹಲದ್ದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು, 102 ಮಹಡಿ. 2009ರಲ್ಲಿ ಅದರ ದೊಡ್ಡ ದುರಸ್ತಿಯ ಜೊತೆಗೆ ಇಂಧನ ಉಳಿತಾಯಕ್ಕೆಂದು 1.32 ಕೋಟಿ ಡಾಲರ್ ಹೆಚ್ಚುವರಿ ಹಾಕುವುದೆಂದು ತೀರ್ಮಾನವಾಯಿತು. ಕಿಟಕಿಗಳು 6,514. ಅಷ್ಟನ್ನೂ ಕಳಚಿ, ಹಳೆಯ ಗಾಜನ್ನೇ ಇಟ್ಟುಕೊಂಡು, ನಡುವೆ ಶಾಖ ತಡೆಯುವ ಪೊರೆ ಮತ್ತು ಅನಿಲ ತುಂಬಿ ಮತ್ತೆ ಕೂರಿಸಿದರು. ಅದಕ್ಕೊಂದು ಕಾರ್ಖಾನೆಯನ್ನು ಕಟ್ಟಡದ ಒಳಗೇ, ಐದನೆಯ ಮಹಡಿಯಲ್ಲಿ ತೆರೆದರು. ಕಿಟಕಿಯಿಂದ ಬರುವ ಶಾಖ ಕಡಿಮೆಯಾದ್ದರಿಂದ ನೆಲಮಾಳಿಗೆಯ ತಂಪು ಯಂತ್ರಗಳನ್ನು ಕಿತ್ತು ದೊಡ್ಡದು ತರುವ ಅಗತ್ಯವೇ ಬೀಳಲಿಲ್ಲ, ಇದ್ದವನ್ನೇ ಒಳಗಿನಿಂದ ಹೊಸದು ಮಾಡಿದರು. ಕೋಟಿಗಟ್ಟಲೆ ಡಾಲರ್ ಅಲ್ಲೇ ಉಳಿಯಿತು. ಇಂಧನ ಬಳಕೆಯಲ್ಲಿ ನೂರಕ್ಕೆ 38 ಕಡಿತ, ವರ್ಷಕ್ಕೆ 44 ಲಕ್ಷ ಡಾಲರ್ ಉಳಿತಾಯ ಎಂಬ ಗುರಿ, ಹಾಕಿದ್ದು ಮೂರು ವರ್ಷದಲ್ಲಿ ವಾಪಸ್. ಕೆಲಸ ಹಿಡಿದ ಕಂಪನಿ ಉಳಿತಾಯಕ್ಕೆ ಖಾತರಿ ಬರೆದುಕೊಟ್ಟಿತ್ತು. ಮೊದಲು ಹೊರೆ ಇಳಿಸು, ಆಮೇಲೆ ಯಂತ್ರ ಕೊಳ್ಳು ಎಂಬ ಸರಣಿ ಇಲ್ಲೂ ಶಾಂಘೈಯ ಪೈಪಿನಲ್ಲೂ ಒಂದೇ.

ಇದೇ ಸರಣಿಯನ್ನು ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಬೆಂಗಳೂರಿನ ಇನ್ಫೊಸಿಸ್ 2011ರಲ್ಲಿ ತನ್ನ ಹೈದರಾಬಾದ್ ಕ್ಯಾಂಪಸ್ಸಿನಲ್ಲಿ ಎರಡೂವರೆ ಲಕ್ಷ ಚದರಡಿಯ ಕಟ್ಟಡವೊಂದನ್ನು ನಡುವೆ ಗೆರೆ ಎಳೆದು ಎರಡು ಸಮಭಾಗ ಮಾಡಿ ಕಟ್ಟಿತು. ಒಂದು ಅರ್ಧಕ್ಕೆ ತಣ್ಣನೆಯ ಗಾಳಿ ಊದುವ ಎಸಿ, ಅದೂ ಆ ಬಗೆಯಲ್ಲೇ ಉತ್ತಮವಾದದ್ದು. ಇನ್ನೊಂದು ಅರ್ಧದಲ್ಲಿ ಕಾಂಕ್ರೀಟಿನೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿದರು, ತಾರಸಿಯೇ ಕೋಣೆಯ ಶಾಖವನ್ನು ಹೀರುತ್ತದೆ. ಅದೇ ಬಿಸಿಲು, ಅದೇ ಗೋಡೆ, ಅದೇ ಬಗೆಯ ಕೆಲಸಗಾರರು. ವಿಜ್ಞಾನದ ಪ್ರಯೋಗಕ್ಕೆ ಇಷ್ಟು ದುಬಾರಿಯ, ಇಷ್ಟು ಚೊಕ್ಕದ ಸಲಕರಣೆ ಸಿಗುವುದು ಅಪರೂಪ. ಎರಡು ವರ್ಷ ಅಳೆದು ನೋಡಿದಾಗ ತಣ್ಣೀರಿನ ಅರ್ಧ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಕರೆಂಟು ತಿಂದಿತ್ತು. ಗುರುಪ್ರಕಾಶ್ ಶಾಸ್ತ್ರಿ ಮತ್ತು ಪೀಟರ್ ರಮ್ಸೆ ಈ ಹೋಲಿಕೆಯನ್ನು 2014ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರಣ ಸರಳ. ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಮೂರೂವರೆ ಸಾವಿರ ಲೀಟರ್ ಗಾಳಿ ಬೇಕು. ಗಾಳಿಯನ್ನು ತಳ್ಳುವ ದೊಡ್ಡ ಫ್ಯಾನುಗಳೂ ಆಳೆತ್ತರದ ತಗಡಿನ ಕೊಳವೆಗಳೂ ಬೇಡವಾಗುತ್ತವೆ. ಹಾಗಾಗಿ ಕಟ್ಟುವ ಖರ್ಚೂ ಸ್ವಲ್ಪ ಕಡಿಮೆಯೇ ಬಿದ್ದಿತು. ಒಳ್ಳೆಯದಕ್ಕೆ ಹೆಚ್ಚು ದುಡ್ಡು ಕೊಡಬೇಕು ಎಂಬ ನಮ್ಮ ನಂಬಿಕೆಗೆ ಇದು ಬಲವಾದ ಪೆಟ್ಟು. 2008ರ ನಂತರದ ಒಂದು ದಶಕದಲ್ಲಿ ಆ ಕಂಪನಿಯಲ್ಲಿ ತಲೆಗೆ ಬೀಳುವ ಕರೆಂಟು ಅರ್ಧಕ್ಕಿಂತ ಕೆಳಗೆ ಇಳಿಯಿತು. ಕ್ಯಾಂಪಸ್ಸುಗಳು ಮಾತ್ರ ಬೆಳೆಯುತ್ತಲೇ ಇದ್ದವು.

ಇಡೀ ದೇಶದ ಮಟ್ಟದಲ್ಲಿ ಏನಾಯಿತು? ಸಿಮೆಂಟು, ಉಕ್ಕು, ರಸಗೊಬ್ಬರ, ಕಾಗದ, ಜವಳಿ, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ, ಉಷ್ಣ ವಿದ್ಯುತ್ ಸ್ಥಾವರ, ಈ ಎಂಟು ವಲಯಗಳ 478 ದೈತ್ಯ ಘಟಕಗಳಿಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2012ರಲ್ಲಿ ಒಂದೊಂದಕ್ಕೆ ಒಂದೊಂದು ಗುರಿ ಕೊಟ್ಟಿತು. ಪ್ಯಾಟ್ ಎಂಬುದು ಯೋಜನೆಯ ಚಿಕ್ಕ ಹೆಸರು. ಗುರಿ ಮೀರಿ ಉಳಿಸಿದವರಿಗೆ ಟನ್ನಿಗೊಂದರಂತೆ ಪ್ರಮಾಣಪತ್ರ, ಗುರಿ ಮುಟ್ಟದವರು ಅದನ್ನು ಕೊಳ್ಳಬೇಕು, ಇಲ್ಲವಾದರೆ ದಂಡ. ಮೂರು ವರ್ಷಕ್ಕೆ ಒಟ್ಟು ಗುರಿ 66.86 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ. ಉಳಿದದ್ದು 86.7 ಲಕ್ಷ ಟನ್! ಮೂರು ಲಕ್ಷ ಟನ್ ಹೊರುವ ದೈತ್ಯ ತೈಲ ಹಡಗುಗಳನ್ನು ಸಾಲಾಗಿ ನಿಲ್ಲಿಸಿದರೆ 29 ಹಡಗು. ಮಂಗಳೂರಿನ ಎಂಆರ್‌ಪಿಎಲ್ ವರ್ಷವಿಡೀ ಶುದ್ಧೀಕರಿಸಬಲ್ಲ ಕಚ್ಚಾ ತೈಲ ಒಂದೂವರೆ ಕೋಟಿ ಟನ್. ಅದರ ಅರ್ಧಕ್ಕೂ ಹೆಚ್ಚು, ಬರೀ ಸೋರಿಕೆ ನಿಲ್ಲಿಸಿ, ಶಾಖವನ್ನು ಮರುಬಳಸಿ, ಯಂತ್ರ ಬದಲಿಸಿ ಸಿಕ್ಕಿತು. ಹೊಗೆಯ ಲೆಕ್ಕದಲ್ಲಿ 3.1 ಕೋಟಿ ಟನ್ ಇಂಗಾಲದ ಡೈಆಕ್ಸೈಡ್.

ಆದರೆ ಗುರಿಯನ್ನು ಇಷ್ಟು ಸಲೀಸಾಗಿ ದಾಟಿದರು ಎಂದರೆ ಗುರಿಯೇ ಕುಳ್ಳಗಿತ್ತು ಎಂದೂ ಅರ್ಥ. ಮಾರುಕಟ್ಟೆ ಅದನ್ನೇ ಹೇಳಿತು. 2017ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಪ್ರಮಾಣಪತ್ರಗಳ ವ್ಯಾಪಾರ ಶುರುವಾದಾಗ ಮಾರುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಹೆಚ್ಚುಕಡಿಮೆ 13 ಲಕ್ಷ ಪತ್ರಗಳು ಕೈಬದಲಾದವು, ಒಟ್ಟು ನೂರು ಕೋಟಿ ರೂಪಾಯಿ. ಒಂದು ಟನ್ ತೈಲದಷ್ಟು ಉಳಿತಾಯಕ್ಕೆ ಸರಾಸರಿ 770 ರೂಪಾಯಿ. ಒಂದು ಟನ್ ಎಂದರೆ ಏಳು ಪೀಪಾಯಿ ತೈಲ. ಆ ಬೆಲೆಗೆ ಪೆಟ್ರೋಲ್ ಬಂಕಿನಲ್ಲಿ ಹತ್ತು ಹನ್ನೆರಡು ಲೀಟರು ಬರುತ್ತಿತ್ತು. ಕಾರ್ಖಾನೆಗಳು ಉಳಿಸಿದ್ದು ಈ ಪತ್ರದ ಆಸೆಗಲ್ಲ, ತಮ್ಮದೇ ಬಿಲ್ಲಿನ ಆಸೆಗೆ.

ದೀಪಗಳ ಕಥೆ ಎಲ್ಲರಿಗೂ ಗೊತ್ತು ಎಂದು ಬೇಗ ಹೇಳಿಬಿಡುತ್ತೇನೆ. ಎಲ್‌ಇಡಿ ಬಲ್ಬನ್ನು ಇಇಎಸ್‌ಎಲ್ ಎಂಬ ಸರ್ಕಾರಿ ಕಂಪನಿ ಸಗಟಾಗಿ ಕೊಳ್ಳತೊಡಗಿದಾಗ, 2014ರಲ್ಲಿ, ಒಂದಕ್ಕೆ 310 ರೂಪಾಯಿ ಇತ್ತು. ಕೋಟಿ ಕೋಟಿ ಬಲ್ಬುಗಳಿಗೆ ಒಟ್ಟಿಗೆ ಟೆಂಡರು ಕರೆಯುತ್ತ ಹೋದಂತೆ 2016ರಲ್ಲಿ 38 ರೂಪಾಯಿಗೆ ಬಂತು. ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರಿಟ್ಟಿದ್ದರು. ದೇಶದಲ್ಲಿ ಹಂಚಿದ ಬಲ್ಬು 36 ಕೋಟಿಗೂ ಹೆಚ್ಚು. ಆರು ಸೆಂಟಿಮೀಟರ್ ಅಗಲದ ಬಲ್ಬುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಭೂಮಿಯ ಸುತ್ತಳತೆಯ ಅರ್ಧ ದಾಟುತ್ತದೆ. ಸಂಜೆಯ ಬೇಡಿಕೆಯಲ್ಲಿ 9,500 ಮೆಗಾವ್ಯಾಟ್ ಇಳಿಯಿತು ಎಂಬುದು ಸರ್ಕಾರದ ಅಂದಾಜು. 1,720 ಮೆಗಾವ್ಯಾಟಿನ ನಮ್ಮ ರಾಯಚೂರು ಸ್ಥಾವರದಂಥವು ಐದೂವರೆ. ಇದು ಬಲ್ಬು ಎಣಿಸಿ ಗುಣಿಸಿದ ಲೆಕ್ಕ, ಮನೆಮನೆಯ ಮೀಟರು ಓದಿದ್ದಲ್ಲ. ಆದ್ದರಿಂದ ಪ್ಲಾಕಮಿನ್‌ನ 575 ಯೋಜನೆಗಳ ಅಂಕಿಗೆ ಇರುವ ಗಟ್ಟಿತನ ಇದಕ್ಕಿಲ್ಲ. 310 ಮತ್ತು 38 ಮಾತ್ರ ಟೆಂಡರಿನ ಬೆಲೆ, ಅದರಲ್ಲಿ ಅಂದಾಜಿಗೆ ಜಾಗವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಅತಿ ದೊಡ್ಡದಾಗಿ ಕಾಣುವ ಅಂಕಿ ಬೇರೊಂದಿದೆ. ಪ್ಯಾಟ್ ಯೋಜನೆಯ ಮೊದಲ ಸುತ್ತಿನ ಲೆಕ್ಕಕ್ಕೆ ಒಳಪಟ್ಟದ್ದು 478 ಘಟಕ, ಆಮೇಲೆ ಅದು ಸಾವಿರ ದಾಟಿತು. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ ಸಣ್ಣ, ಅತಿಸಣ್ಣ ತಯಾರಿಕಾ ಘಟಕಗಳು 1.97 ಕೋಟಿ. ಲೆಕ್ಕದ ಒಳಗಿದ್ದ ಒಂದಕ್ಕೆ ಹೊರಗೆ 41 ಸಾವಿರ. ಇವುಗಳಲ್ಲಿ ಬಹುಪಾಲು ಮನೆಯ ಮೂಲೆಯ ಹೊಲಿಗೆ ಯಂತ್ರ, ಬೀಡಿ ಮೊರ, ಹಪ್ಪಳದ ಮಣೆ, ನಿಜ. ಆದರೆ ಗಂಗಾವತಿಯ ಅಕ್ಕಿ ಗಿರಣಿಯೂ ಬೆಳಗಾವಿಯ ಫೌಂಡ್ರಿಯೂ ದೊಡ್ಡಬಳ್ಳಾಪುರದ ಮಗ್ಗವೂ ಪೀಣ್ಯದ ಲೇತ್ ಶೆಡ್ಡೂ ಅದೇ ಸಾಲಿನವು. ಅಲ್ಲಿ ಇಂಧನ ಮ್ಯಾನೇಜರ್ ಎಂಬ ಹುದ್ದೆ ಇಲ್ಲ. ಮಾಲೀಕನೇ ಖರೀದಿ ವಿಭಾಗ, ಮಾಲೀಕನೇ ಬಿಲ್ ಕಟ್ಟುವವನು. ಹಾಗಾಗಿ ಎರಡು ಪುಸ್ತಕದ ರೋಗ ಅಲ್ಲಿಲ್ಲ. ಇರುವುದು ಕೈಯಲ್ಲಿ ಕಾಸಿಲ್ಲದ ರೋಗ.

ಅಂಥ ಕಡೆ ಮೋಟರು ಸುಟ್ಟುಹೋದ ದಿನ ಏನಾಗುತ್ತದೆ ಎಂದರೆ, ಅದನ್ನು ಆಟೊದಲ್ಲಿ ಹಾಕಿಕೊಂಡು ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಹಳೆಯ ಸುರುಳಿಯನ್ನು ಬೆಂಕಿ ಹಾಕಿ ಸುಟ್ಟು ಕೀಳುತ್ತಾರೆ, ಹೊಸ ತಾಮ್ರ ಸುತ್ತುತ್ತಾರೆ. ಮರುದಿನ ಸಂಜೆಗೆ ಮೋಟರು ತಿರುಗುತ್ತಿರುತ್ತದೆ, ಆರ್ಡರು ನಿಲ್ಲುವುದಿಲ್ಲ. ಸುತ್ತುವವರ ಕೈಚಳಕಕ್ಕೆ ಕೊರತೆಯೇನಿಲ್ಲ. ಆದರೆ ಬೆಂಕಿಯ ತಾಪ ಹೆಚ್ಚಾದರೆ ಒಳಗಿನ ಉಕ್ಕಿನ ತೆಳು ಹಾಳೆಗಳ ನಡುವಿನ ನಿರೋಧಕ ಲೇಪ ಕೆಡುತ್ತದೆ, ಕ್ಷಮತೆ ಇಳಿಯುತ್ತದೆ. ನೂರಕ್ಕೆ ಒಂದೇ ಅಂಕ ಇಳಿಯಿತು ಎಂದುಕೊಳ್ಳಿ. 20 ಎಚ್‌ಪಿ ಮೋಟರಿಗೆ ವರ್ಷಕ್ಕೆ 1,150 ಯೂನಿಟ್, ಒಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಮತ್ತೆ ಸುಟ್ಟರೆ, ಮತ್ತೆ ಸುತ್ತಿಸಿದರೆ, ಇನ್ನೊಂದು ಒಂಬತ್ತು ಸಾವಿರ ಅದರ ಮೇಲೆ. ರಿವೈಂಡಿಂಗಿನ ಚೀಟಿಯಲ್ಲಿ ತಾಮ್ರದ ತೂಕ, ಕೂಲಿ, ಬೇರಿಂಗಿನ ಬೆಲೆ ಮೂರೂ ಬೇರೆ ಬೇರೆ ಬರೆದಿರುತ್ತದೆ. ಈ ಒಂಬತ್ತು ಸಾವಿರ ಅದರಲ್ಲಿ ಇರುವುದಿಲ್ಲ. ತಿಂಗಳಿಗೆ 770 ರೂಪಾಯಿಯಂತೆ ಅದು ಕರೆಂಟ್ ಬಿಲ್ಲಿನಲ್ಲಿ ಸೇರಿಕೊಂಡು ಬರುತ್ತದೆ.